ಹಳೆಯ ಕಾರು ‘ಮಿಸ್ಸಿಂಗ್’ ಹೊಡೆಯುವುದೇಕೆ? ದೋಷವಿರುವ ಸಿಲಿಂಡರನ್ನು ಹುಡುಕುವ ಬಗೆ

ಬೆಳಗಾವಿಯಲ್ಲಿ ಮುಂಗಾರು ಹಿಡಿದ ಕೂಡಲೇ ಹಳೆಯ ಕಾರಿನ ಮಾಲೀಕರು ಗ್ಯಾರೇಜಿಗೆ ತರುವ ದೂರು ಸಾಮಾನ್ಯವಾಗಿ ಒಂದೇ: “ಗಾಡಿ ಮಿಸ್ಸಿಂಗ್ ಹೊಡ್ಯಾಕತ್ತೈತ್ರಿ.” ಬೆಳಿಗ್ಗೆ ಚಾಲೂ ಮಾಡಿದಾಗ ಎಂಜಿನ್ ನಡುಗುತ್ತದೆ, ಸೈಲೆನ್ಸರಿನಿಂದ ತಾಳ ತಪ್ಪಿದ ಸದ್ದು ಬರುತ್ತದೆ, ಎಕ್ಸಲೇಟರ್ ಒತ್ತಿದರೂ ಪಿಕಪ್ ಸಿಗುವುದಿಲ್ಲ, ಆವರೇಜ್ ಮಾತ್ರ ಇಳಿಯುತ್ತ ಹೋಗುತ್ತದೆ. ಇತ್ತೀಚೆಗೆ ಈ ದೂರಿನ ಜೊತೆಗೆ ಒಂದು ಸಂದೇಹವೂ ಸೇರಿಕೊಂಡಿದೆ. ಬಂಕುಗಳಲ್ಲಿ ಈಗ ಸಿಗುವ, ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲೇ ಇದಕ್ಕೆ ಕಾರಣವಿರಬಹುದೇ ಎಂದು, ಆ ಎಥೆನಾಲಿಗೆ ಬೇಕಾದ ಕಬ್ಬನ್ನು ಬೆಳೆಯುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜನರೇ ಕೇಳತೊಡಗಿದ್ದಾರೆ.

ಇಂಥ ಸಂದರ್ಭದಲ್ಲಿ ಬಹಳಷ್ಟು ಕಡೆ ಆಗುವುದು ಇಷ್ಟೇ: ಮೊದಲು ಪ್ಲಗ್ ಬದಲಾಗುತ್ತದೆ, ಸರಿಹೋಗದಿದ್ದರೆ ವೈರು, ಆಮೇಲೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್, ಕೊನೆಗೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್. ಸಾವಿರಾರು ರೂಪಾಯಿ ಖರ್ಚಾದ ಮೇಲೂ ನಡುಕ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಅಲ್ಲಿ ದೋಷವನ್ನು ಯಾರೂ ಹುಡುಕಿರುವುದಿಲ್ಲ, ಊಹಿಸಿರುತ್ತಾರೆ. ಮಿಸ್ಸಿಂಗನ್ನು ಪತ್ತೆ ಹಚ್ಚುವ ಕ್ರಮ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಅದು ಯಾವಾಗ ಬರುತ್ತದೆ, ಯಾವ ಸಿಲಿಂಡರಿನಲ್ಲಿ ಬರುತ್ತದೆ, ಆ ಸಿಲಿಂಡರಿಗೆ ಏನು ಸಿಗುತ್ತಿಲ್ಲ?

ಮಿಸ್ಸಿಂಗ್ ಎಂದರೆ ಏನು?

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿ ನಾಲ್ಕು ಕೆಲಸಗಳು ಸರದಿಯಂತೆ ನಡೆಯುತ್ತವೆ. ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರುತ್ತ ಅದನ್ನು ಅದುಮುತ್ತದೆ. ಅದುಮುವಿಕೆ ಮುಗಿಯುವ ಹೊತ್ತಿಗೆ ಪ್ಲಗ್ಗಿನಿಂದ ಹಾರಿದ ಕಿಡಿಗೆ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಬಲವಾಗಿ ಕೆಳಗೆ ತಳ್ಳುತ್ತದೆ. ಕೊನೆಗೆ ಸುಟ್ಟ ಅನಿಲ ಹೊರಗೆ ಹೋಗುತ್ತದೆ. ನಾಲ್ಕರಲ್ಲಿ ಶಕ್ತಿ ಹುಟ್ಟುವುದು ಮೂರನೆಯದರಲ್ಲಿ ಮಾತ್ರ. ಈ ಪೂರ್ಣ ಸುತ್ತಿಗೆ, ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್ ಶಾಫ್ಟ್ ಎರಡು ಬಾರಿ ತಿರುಗಬೇಕು.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ವರೆಗೆ ತಯಾರಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳೋಣ. ಅದರ 796 ಸಿಸಿ ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳಿವೆ. ಕಾರು ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಬಾರಿ ಹೊತ್ತಿಕೊಳ್ಳಬೇಕು. ಒಟ್ಟು 1200 ಬಾರಿ, ಅಂದರೆ ಸೆಕೆಂಡಿಗೆ 20. ಈ ಎಣಿಕೆಯಲ್ಲಿ ಯಾವುದೇ ಒಂದು ಸಿಲಿಂಡರ್ ತನ್ನ ಸರದಿಯನ್ನು ತಪ್ಪಿಸಿದರೆ, ಅಥವಾ ಅರೆಬರೆ ಉರಿದರೆ, ಅದೇ ಮಿಸ್ಸಿಂಗ್. ವಿಜಯಪುರದ ಟಾಂಗಾ ಹತ್ತಿದವರಿಗೆ ಕುದುರೆಯ ಗೊರಸಿನ ಲಯ ಗೊತ್ತು. ಒಂದು ಕಾಲಿನ ಲಾಳ ಸಡಿಲವಾದರೂ ಕಣ್ಣು ಮುಚ್ಚಿಕೊಂಡೇ ಅದನ್ನು ಗುರುತಿಸಬಹುದು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸುವುದೂ ಅಂಥದೇ ಕುಂಟು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಸತ್ತರೆ ಕಾಲು ಭಾಗ ಶಕ್ತಿ ಹೋಗುತ್ತದೆ. ಮೂರು ಸಿಲಿಂಡರಿನ ಕಾರಿನಲ್ಲಿ ಮೂರನೆಯ ಒಂದು ಭಾಗವೇ ಹೋಗುವುದರಿಂದ ನಡುಕ ಇನ್ನೂ ಹೆಚ್ಚು.

ಸಿಲಿಂಡರ್ ಹೊತ್ತಿಕೊಳ್ಳಲು ಮೂರು ಸಂಗತಿಗಳು ಕೂಡಿಬರಬೇಕು: ಹದವಾದ ಮಿಶ್ರಣ, ಸರಿಯಾದ ಕ್ಷಣದಲ್ಲಿ ಗಟ್ಟಿಯಾದ ಕಿಡಿ ಮತ್ತು ಸೋರಿಕೆಯಿಲ್ಲದ ಒತ್ತಡ. ಒಲೆಗೆ ಸೌದೆ ತುರುಕಿ ಗಾಳಿಯಾಡಲು ಬಿಡದಿದ್ದರೆ ಹೊಗೆ ಮಾತ್ರ ಏಳುತ್ತದೆ, ಕಡ್ಡಿ ಗೀರದಿದ್ದರೆ ಅದೂ ಇಲ್ಲ. ಒತ್ತಡ ಮಾತ್ರ ಒಲೆಯಲ್ಲಿ ಇಲ್ಲದ ಸಂಗತಿ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹೊಡೆದಾಗ ಒಳಗಿನ ಗಾಳಿ ಹೇಗೆ ಬಿಗಿಯಾಗುತ್ತದೆಯೋ ಹಾಗೆ ಮಿಶ್ರಣ ಬಿಗಿಯಾಗಬೇಕು. ಬೆರಳು ಸಡಿಲಿಸಿದರೆ ಎಷ್ಟು ಹೊಡೆದರೂ ವ್ಯರ್ಥ.

ಮೊದಲ ಪ್ರಶ್ನೆ: ಯಾವಾಗ?

ಬಾನೆಟ್ ತೆರೆಯುವುದಕ್ಕೂ ಮೊದಲು ಮಾಲೀಕನ ನೆನಪೇ ದೊಡ್ಡ ಸಾಕ್ಷಿ. ಮಳೆಯ ದಿನ ಅಥವಾ ಮಂಜಿನ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಬಂದು, ಎಂಜಿನ್ ಬಿಸಿಯಾದ ಮೇಲೆ ತಾನಾಗಿಯೇ ನಿಂತರೆ, ತೇವದಿಂದ ವಿದ್ಯುತ್ ಎಲ್ಲೋ ಸೋರುತ್ತಿದೆ ಎಂದು ಭಾವಿಸಬೇಕು. ನಿಂತಲ್ಲಿ ನಡುಗಿ, ಎಕ್ಸಲೇಟರ್ ಒತ್ತಿದೊಡನೆ ಸರಿಹೋದರೆ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ಬಳಿ ಹೊರಗಿನ ಗಾಳಿ ನುಸುಳುತ್ತಿರಬಹುದು. ಇದಕ್ಕೆ ತಿರುಗುಮುರುಗಾಗಿ, ನಿಂತಲ್ಲಿ ಸರಿಯಿದ್ದು ಚೋರ್ಲಾ ಘಾಟಿನ ಏರಿನಲ್ಲಿ ಮಾತ್ರ ಮುಗ್ಗರಿಸಿದರೆ ಕಿಡಿ ದುರ್ಬಲವಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ವಿಜಯಪುರದ 40 ಡಿಗ್ರಿ ದಾಟಿದ ಬೇಸಿಗೆಯ ಮಧ್ಯಾಹ್ನ ಎಂಜಿನ್ ಬಿಕ್ಕಳಿಸಿ ನಿಂತು, ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆದರೆ, ಕಾರ್ಬ್ಯುರೇಟರ್ ಕಾರುಗಳಲ್ಲಿ ಪೆಟ್ರೋಲ್ ಕೊಳವೆಯೊಳಗೇ ಆವಿಯಾಗಿ ಗುಳ್ಳೆ ಕಟ್ಟಿರುವ ಸಾಧ್ಯತೆಯಿದೆ. ಬಿಸಿಯಾದಾಗ ಕೈಕೊಡುವ ಕಾಯಿಲ್ ಸಹ ಇದೇ ರೀತಿ ವರ್ತಿಸುತ್ತದೆ.

ಗ್ಯಾಸ್ ಕಿಟ್ ಹಾಕಿಸಿಕೊಂಡ ಓಮ್ನಿಯಂಥ ಗಾಡಿಗಳ ಮಾಲೀಕರಿಗೆ ಒಂದು ಅನುಕೂಲವಿದೆ. ಸ್ವಿಚ್ ಬದಲಿಸಿ ಎರಡೂ ಇಂಧನಗಳಲ್ಲಿ ಓಡಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಪೆಟ್ರೋಲಿನಲ್ಲಿ ಮಾತ್ರ ಮಿಸ್ಸಿಂಗ್ ಇದ್ದರೆ ಪೆಟ್ರೋಲಿನ ದಾರಿಯಲ್ಲಿ ದೋಷ. ಎರಡರಲ್ಲೂ ಇದ್ದರೆ ಕಿಡಿಯಲ್ಲಿ ಅಥವಾ ಒತ್ತಡದಲ್ಲಿ ದೋಷ. ಗ್ಯಾಸಿನಲ್ಲಿ ಮಾತ್ರ ಇದ್ದರೆ ಕಿಟ್ಟನ್ನು ದೂರುವ ಮುನ್ನ ಪ್ಲಗ್ ನೋಡಬೇಕು, ಏಕೆಂದರೆ ಗ್ಯಾಸ್ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು.

ಎರಡನೆಯ ಪ್ರಶ್ನೆ: ಯಾವ ಸಿಲಿಂಡರ್?

ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಡೆದು ನೋಡುವುದು ಹಳೆಯ ಮತ್ತು ಇಂದಿಗೂ ನಂಬಬಹುದಾದ ಪರೀಕ್ಷೆ. ಆರೋಗ್ಯವಾಗಿರುವ ಸಿಲಿಂಡರಿನ ವೈರು ತೆಗೆದರೆ ಎಂಜಿನ್ನಿನ ಸದ್ದು ಇಳಿದು ನಡುಕ ಹೆಚ್ಚಾಗುತ್ತದೆ. ವೈರು ತೆಗೆದರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿತ್ತು ಎಂದರ್ಥ.

ಇಲ್ಲಿ ಎಚ್ಚರಿಕೆ ಅಗತ್ಯ. ಆ ವೈರಿನಲ್ಲಿ ಹರಿಯುವುದು 15,000 ವೋಲ್ಟಿಗೂ ಮೀರಿದ ವಿದ್ಯುತ್. ಬರಿಗೈಯಿಂದ ಎಳೆದರೆ ಹೊಡೆತ ಖಂಡಿತ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರವೂ ಹೋಗಬಾರದು. ತೆಗೆದ ವೈರನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟರೆ ದಾರಿ ಕಾಣದ ವಿದ್ಯುತ್ ಕಾಯಿಲ್ಲನ್ನೇ ಸುಡಬಹುದು. ಹಾಗಾಗಿ ಎಂಜಿನ್ ಬಂದ್ ಮಾಡಿ, ವೈರು ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಮತ್ತೆ ಚಾಲೂ ಮಾಡುವುದು ಸುರಕ್ಷಿತ ಕ್ರಮ. ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರುವ ಕಾರಿನಲ್ಲಿ ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರನ್ನು ಬಿಚ್ಚಿದರೆ ಸಾಕು. ಉರಿಯದ ಪೆಟ್ರೋಲ್ ಹೊರಗೆ ಹರಿಯುವುದಿಲ್ಲ, ಕೈಗೂ ಅಪಾಯವಿಲ್ಲ.

ಸೈಲೆನ್ಸರಿನ ಬಾಯಿಗೆ ಕಾಗದದ ಚೂರು ಹಿಡಿದು ನೋಡುವ ಪದ್ಧತಿಯೂ ಇದೆ. ಕಾಗದ ಒಂದೇ ಸಮನೆ ಹೊರಕ್ಕೆ ಹಾರುತ್ತಿದ್ದು ನಿಗದಿತ ಅಂತರದಲ್ಲಿ ತಡವರಿಸಿದರೆ ಒಂದೇ ಸಿಲಿಂಡರಿನ ದೋಷ. ಅಂತರ ಹೇಗೆಂದರೆ ಹಾಗಿದ್ದರೆ ದೋಷ ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಭಾಗದಲ್ಲಿರುತ್ತದೆ. ನಡುನಡುವೆ ಕಾಗದ ಸೈಲೆನ್ಸರಿನತ್ತ ಒಳಕ್ಕೆ ಸೆಳೆಯಲ್ಪಟ್ಟರೆ ಸುಟ್ಟ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಹಾಳಾಗಿರುವ ಅನುಮಾನ ಪಡಬೇಕು. ಸೈಲೆನ್ಸರ್ ತೂತಾಗಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಹಳೆಯ ಕಾರುಗಳಲ್ಲಿ ಅದು ಅಪರೂಪವೇನಲ್ಲ.

ಕಿಡಿ: ಮೊದಲು ನೋಡಬೇಕಾದದ್ದು

ಹಳೆಯ ಕಾರುಗಳ ಮಿಸ್ಸಿಂಗಿನಲ್ಲಿ ಕಿಡಿಯ ದೋಷಗಳೇ ಹೆಚ್ಚು, ಅವುಗಳ ಪರೀಕ್ಷೆಯೇ ಅಗ್ಗ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆ ವಿದ್ಯುತ್ತನ್ನು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಪಂಕ್ತಿಯಲ್ಲಿ ಬಡಿಸುವವನಂತೆ, ಒಂದೊಂದು ಎಲೆಗೂ ಸರದಿಯ ಮೇಲೆ ಹಂಚುತ್ತದೆ. ಬಡಿಸುವ ಕ್ರಮ ನಾಲ್ಕು ಸಿಲಿಂಡರಿನ ಬಹುತೇಕ ಕಾರುಗಳಲ್ಲಿ 1-3-4-2. ಯಾರೋ ವೈರು ತೆಗೆದು ಹಾಕುವಾಗ ಎರಡನ್ನು ಅದಲುಬದಲು ಮಾಡಿದ್ದರೆ ಇಬ್ಬರ ಎಲೆಯೂ ಹೊತ್ತಲ್ಲದ ಹೊತ್ತಿನಲ್ಲಿ ತುಂಬುತ್ತದೆ. ರಿಪೇರಿಯಾದ ಮರುದಿನವೇ ಮಿಸ್ಸಿಂಗ್ ಶುರುವಾದರೆ ಮೊದಲು ಇದನ್ನೇ ನೋಡಬೇಕು.

ಪ್ಲಗ್ ಬಿಚ್ಚಿದಾಗ ಅದರ ತುದಿಯ ಬಣ್ಣ ಸಿಲಿಂಡರಿನೊಳಗಿನ ಕಥೆಯನ್ನು ಹೇಳುತ್ತದೆ. ತೆಳು ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತಾಸುಗಟ್ಟಲೆ ತೆವಳುವ ಕಾರುಗಳ ಪ್ಲಗ್ ಸಾಕಷ್ಟು ಬಿಸಿಯಾಗದೆ ಮಸಿ ಹಿಡಿಯುವುದೂ ಉಂಟು. ಜಿಡ್ಡಾದ ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಪೆಟ್ರೋಲಿನ ವಾಸನೆಯೊಂದಿಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ. ಉಳಿದವು ಕಂದಾಗಿದ್ದು ಒಂದೇ ಒಂದು ಪ್ಲಗ್ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಸಂತೋಷ ಪಡಬೇಕಾಗಿಲ್ಲ, ಎಂಜಿನ್ನಿನ ಮೇಲ್ಭಾಗದ (ಹೆಡ್) ಕೆಳಗೆ ಸೋರದಂತೆ ಹಾಕಿರುವ ಹೆಡ್ ಗ್ಯಾಸ್ಕೆಟ್ ಮೂಲಕ ರೇಡಿಯೇಟರ್ ನೀರು ಅಲ್ಲಿಗೆ ಸೇರುತ್ತಿರಬಹುದು.

ಈಗ ಖರ್ಚಿಲ್ಲದ ಒಂದು ಕ್ರಮ. ಎರಡನೆಯ ಸಿಲಿಂಡರ್ ಸತ್ತಿದೆ ಎಂದುಕೊಳ್ಳೋಣ. ಹೊಸ ಪ್ಲಗ್ ಕೊಳ್ಳುವ ಬದಲು ಅದರ ಪ್ಲಗ್ಗನ್ನು ಒಂದನೆಯದಕ್ಕೂ, ಒಂದನೆಯದರ ಪ್ಲಗ್ಗನ್ನು ಎರಡನೆಯದಕ್ಕೂ ಹಾಕಿ ಓಡಿಸಬೇಕು. ಮಿಸ್ಸಿಂಗ್ ಒಂದನೆಯದಕ್ಕೆ ಹೋದರೆ ಪ್ಲಗ್ ತಪ್ಪಿತಸ್ಥ. ಎರಡನೆಯದರಲ್ಲೇ ಉಳಿದರೆ, ಉದ್ದ ಸಾಲುವಂತಿದ್ದರೆ, ವೈರುಗಳನ್ನೂ ಅದಲುಬದಲು ಮಾಡಬೇಕು. ಆಗ ಪ್ಲಗ್ಗಿನ ತುದಿ ಮತ್ತು ಡಿಸ್ಟ್ರಿಬ್ಯೂಟರಿನ ತುದಿ ಎರಡರಲ್ಲೂ ಬದಲಿಸಿದರೆ ಮಾತ್ರ ಸರದಿ ತಪ್ಪುವುದಿಲ್ಲ. ಒಂದು ಸಲಕ್ಕೆ ಒಂದೇ ಭಾಗ ಎಂಬ ನಿಯಮವನ್ನು ಮುರಿಯಬಾರದು. ಎರಡನ್ನು ಒಟ್ಟಿಗೆ ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತೆಂಬುದು ಕೊನೆಗೂ ತಿಳಿಯುವುದಿಲ್ಲ.

ಪ್ಲಗ್ಗನ್ನು ಹೊರಗಿಟ್ಟು ಕಿಡಿ ಕಂಡೊಡನೆ “ಕರೆಂಟು ಬರುತ್ತಿದೆ” ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ತೆರೆದ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಬಿಗಿಯಾಗಿ ಅದುಮಿದ ಮಿಶ್ರಣದಲ್ಲಿ ಅದೇ ಅಂತರ ದಾಟಲು ಹಲವು ಪಟ್ಟು ಹೆಚ್ಚು ವೋಲ್ಟ್ ಬೇಕು. ಏರಿನಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿದಾಗ ಮಿಶ್ರಣ ಇನ್ನಷ್ಟು ಬಿಗಿಯಾಗುವುದರಿಂದಲೇ ದುರ್ಬಲ ಕಾಯಿಲ್, ಸವೆದು ಅಂತರ ಹೆಚ್ಚಾದ ಪ್ಲಗ್ ಘಾಟಿನಲ್ಲಿ ಸಿಕ್ಕಿಬೀಳುತ್ತವೆ. ಪಾಯಿಂಟ್ (ಕಾಯಿಲ್ಲಿನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು) ಇರುವ ತೀರ ಹಳೆಯ ಕಾರುಗಳಲ್ಲಿ ಪ್ಲಗ್ಗಿನ ಅಂತರ ಬಹುಮಟ್ಟಿಗೆ 0.6ರಿಂದ 0.8 ಮಿಲಿಮೀಟರ್, ಪಾಯಿಂಟಿನ ಅಂತರ 0.4ರಿಂದ 0.5 ಮಿಲಿಮೀಟರ್; ನಿಖರವಾದ ಅಂಕಿಯನ್ನು ಆಯಾ ಕಾರಿನ ಕೈಪಿಡಿಯಲ್ಲೇ ನೋಡಬೇಕು. ಪಾಯಿಂಟ್ ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಜೊತೆಯ ಕಂಡೆನ್ಸರನ್ನೂ ಅನುಮಾನಿಸಬೇಕು.

ಮಳೆಗಾಲದ ಮಿಸ್ಸಿಂಗಿಗೆ ರಾತ್ರಿಯ ಪರೀಕ್ಷೆಯೇ ಸರಿ. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಗಿಡಗಳಿಗೆ ನೀರು ಸಿಂಪಡಿಸುವ ಬಾಟಲಿಯಿಂದ ವೈರು ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಕೈ ತಾಗಿಸದೆ ತುಸು ತುಂತುರು ಹಾಯಿಸಿದರೆ, ಬಿರುಕುಬಿಟ್ಟ ಕಡೆ ನೀಲಿ ಕಿಡಿ ಹರಿದಾಡುವುದು ಬರಿಗಣ್ಣಿಗೆ ಕಾಣುತ್ತದೆ. ಕ್ಯಾಪನ್ನು ಒರೆಸಿ ಒಣಗಿಸಿದರೆ ಆ ದಿನದ ಮಟ್ಟಿಗೆ ಕಾರು ಓಡುತ್ತದೆ. ಆದರೆ ಒಳಗೆ ಪೆನ್ಸಿಲಿನಿಂದ ಗೆರೆ ಎಳೆದಂತೆ ಕಪ್ಪು ಜಾಡು ಮೂಡಿದ್ದರೆ ಕ್ಯಾಪ್ ಬದಲಿಸಲೇಬೇಕು. ಒಮ್ಮೆ ದಾರಿ ಕಂಡ ವಿದ್ಯುತ್ ಮತ್ತೆ ಅದೇ ದಾರಿ ಹಿಡಿಯುತ್ತದೆ.

ಪೆಟ್ರೋಲ್, ಗಾಳಿ ಮತ್ತು ಎಥೆನಾಲ್

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಜೋಳದ ಹಿಟ್ಟಿಗೆ ನೀರು ಕಡಿಮೆಯಾದರೆ ರೊಟ್ಟಿ ಬಿರಿಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ. ಮಿಶ್ರಣದ ಹದವೂ ಎರಡೂ ಕಡೆ ಕೆಡಬಹುದು, ಎರಡರಿಂದಲೂ ಮಿಸ್ಸಿಂಗ್ ಬರಬಹುದು.

ಎಥೆನಾಲಿನ ಲೆಕ್ಕ ಬೇರೆ. ಅದರ ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಶೇ 20ರಷ್ಟು ಎಥೆನಾಲ್ ಬೆರೆತಾಗ ಒಟ್ಟು ಮಿಶ್ರಣದ ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಕಾರು ಇದನ್ನು ಗ್ರಹಿಸಿ ತಾನೇ ಹೆಚ್ಚು ಇಂಧನ ಕೊಡುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ, ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮೊದಲೇ ತೆಳುವಾಗಿ (ಪೆಟ್ರೋಲ್ ಕಡಿಮೆ ಬರುವಂತೆ) ಹೊಂದಿಸಿದ್ದ ಕಾರ್ಬ್ಯುರೇಟರ್ ಇನ್ನಷ್ಟು ತೆಳುವಾಗಿ, ಚಳಿಯ ಬೆಳಿಗ್ಗೆ ಮುಗ್ಗರಿಸುವುದು ಇದರಿಂದ ಸಾಧ್ಯ. ಎಥೆನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬಬಹುದು. ಅದಕ್ಕೆ ಹೊಂದಿಕೊಳ್ಳದ ಹಳೆಯ ರಬ್ಬರ್ ಹೋಸು, ಪಂಪಿನ ಡಯಾಫ್ರಂ ಉಬ್ಬಬಹುದು ಅಥವಾ ಬಿರುಕುಬಿಡಬಹುದು. ದೇಶದಲ್ಲಿ ಈ ಇಂಧನಕ್ಕೆ ಒಗ್ಗುವ ಭಾಗಗಳಿರುವ ಹೊಸ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ನೀರಿನ ಅಂಶ ಮಿತಿಮೀರಿದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪು ಮೊದಲು ಎಳೆಯುವುದು ತಳದಿಂದಲೇ. ಅನುಮಾನವಿದ್ದರೆ ಫಿಲ್ಟರಿಗೆ ಬರುವ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ಎರಡು ಪದರಗಳು ಕಾಣುತ್ತವೆ.

ಹಾಗೆಂದು ಎಲ್ಲ ಮಿಸ್ಸಿಂಗಿಗೂ ಎಥೆನಾಲನ್ನು ಹೊಣೆ ಮಾಡಲಾಗದು. ಇಂಧನದ ಗುಣದಿಂದ ಬರುವ ದೋಷ ಎಲ್ಲ ಸಿಲಿಂಡರುಗಳಲ್ಲೂ ಕಾಣಿಸಬೇಕು; ಒಂದೇ ಸಿಲಿಂಡರ್ ಸತ್ತಿದ್ದರೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ನಿರಪರಾಧಿ ಎನ್ನಬಹುದು.

ಗಾಳಿ ನುಸುಳುವ ಜಾಗ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಹೋಸು, ಬಿರುಕುಬಿಟ್ಟ ಸಣ್ಣ ಕೊಳವೆಗಳು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಕೀಲುಗಳ ಸುತ್ತ ಆಡಿಸಿದರೆ ಬುಸುಗುಡುವ ಸದ್ದು ಸಿಗುತ್ತದೆ. ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೋಡುವ ರೂಢಿಯಿದೆಯಾದರೂ ಅದು ಬೆಂಕಿ ಹಿಡಿಯುವ ದ್ರವವೆಂಬುದನ್ನು ಮರೆಯಬಾರದು.

ಒತ್ತಡ: ಕೊನೆಯದು, ದುಬಾರಿಯದು

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಸಿಲಿಂಡರ್ ಏಳುತ್ತಿಲ್ಲವೆಂದರೆ ಕಂಪ್ರೆಷನ್ ಗೇಜ್ ಬೇಕು. ಎಂಜಿನ್ ಬಿಸಿಯಾದ ಮೇಲೆ ಎಲ್ಲ ಪ್ಲಗ್ ತೆಗೆದು, ಕಿಡಿ ಮತ್ತು ಇಂಧನದ ಸಂಪರ್ಕ ತಪ್ಪಿಸಿ, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರನ್ನು ತಿರುಗಿಸಬೇಕು. ಸಾಮಾನ್ಯವಾಗಿ 150ರಿಂದ 190 ಪಿಎಸ್ಐ (ಒತ್ತಡದ ಅಳತೆ) ಬರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ ಶೇ 8ರಷ್ಟು ಕಡಿಮೆ. ಕೈಪಿಡಿಯ ಅಂಕಿಗಿಂತ ಗೇಜ್ ತುಸು ಕಡಿಮೆ ತೋರಿಸಿದರೆ ಎಂಜಿನ್ ಸವೆದಿದೆ ಎಂದು ಹೆದರಬೇಕಿಲ್ಲ. ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅದು ಶೇ 15ನ್ನು ಮೀರಿದರೆ ಕಾರಣ ಹುಡುಕಬೇಕು.

ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆದಾಗ ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದು ಬಹುಮಟ್ಟಿಗೆ ಖಚಿತ. ಹೆಡ್ ಬಿಚ್ಚುವ ಮುನ್ನ ಟ್ಯಾಪೆಟ್ ಅಂತರ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಯುವುದನ್ನು ಮಾತ್ರ ಬಿಡಬಾರದು. ಟ್ಯಾಪೆಟ್ ಸದ್ದು ಮಾಡುತ್ತಿದ್ದರೆ ಮಾಲೀಕರು ಗಾಬರಿಯಾಗುತ್ತಾರೆ, ವಾಸ್ತವದಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಸದ್ದೇ ಇಲ್ಲದ ಬಿಗಿ ಟ್ಯಾಪೆಟ್. ಬಿಸಿಗೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ, ಮಿಸ್ಸಿಂಗ್ ಬರುತ್ತದೆ, ನಿರ್ಲಕ್ಷಿಸಿದರೆ ವಾಲ್ವೇ ಸುಡುತ್ತದೆ. ಗ್ಯಾಸಿನಲ್ಲಿ ಓಡುವ ಗಾಡಿಗಳಲ್ಲಿ ವಾಲ್ವಿನ ಸೀಟು ಬೇಗ ಸವೆದು ಈ ಅಂತರ ಕಡಿಮೆಯಾಗುತ್ತ ಹೋಗುತ್ತದೆ.

ಸ್ಕ್ಯಾನರ್ ಹೇಳುವುದೆಷ್ಟು?

ಚೆಕ್ ಎಂಜಿನ್ ದೀಪ ಮತ್ತು ಸ್ಕ್ಯಾನರ್ ಜೋಡಿಸುವ ಓಬಿಡಿ-2 ಸಾಕೆಟ್ ಇರುವ ಕಾರುಗಳಲ್ಲಿ ಸ್ಕ್ಯಾನರ್ ಪಿ0301, ಪಿ0302 ಎಂಬ ಕೋಡುಗಳನ್ನು ತೋರಿಸುತ್ತದೆ. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಕಡೆ ನಿಂತಿಲ್ಲ. ಕೋಡು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ. ಪಿ0302 ಬಂದಿದೆಯೆಂದು ಎರಡನೆಯ ಕಾಯಿಲ್ ಕೊಂಡರೆ ಮತ್ತೆ ಊಹೆಗೇ ಮರಳಿದಂತೆ. ಪೂರ್ತಿ ಹಳೆಯ ಕಾರುಗಳಲ್ಲಿ ಈ ಸೌಲಭ್ಯವೇ ಇಲ್ಲ.

ಹಾಗೆಯೇ ಓಡಿಸಿದರೆ?

ಕಾರು ಚಲಿಸುತ್ತಿದೆಯಲ್ಲ ಎಂದು ಮಿಸ್ಸಿಂಗಿನಲ್ಲೇ ತಿಂಗಳು ಕಳೆಯುವವರಿದ್ದಾರೆ. ಉರಿಯದ ಪೆಟ್ರೋಲ್ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಸೈಲೆನ್ಸರಿಗೆ ಹೋಗಿ, ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ಅಲ್ಲಿ ಉರಿದು ಅದರ ಒಳಗಿನ ಜಾಲರಿಯನ್ನೇ ಕರಗಿಸಬಹುದು. ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಅಂಕಿ ಏರುವುದೂ ಇದರಿಂದಲೇ. ಇನ್ನೊಂದು ಪಾಲು ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲ್ಲಿಗೆ ಬೆರೆಯುತ್ತದೆ. ಆಯಿಲ್ ಕಡ್ಡಿ ಎಳೆದು ಮೂಸಿದಾಗ ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ, ಅಥವಾ ಹಾಕದೆಯೇ ಆಯಿಲ್ಲಿನ ಮಟ್ಟ ಏರಿದ್ದರೆ, ಮಿಸ್ಸಿಂಗ್ ಸರಿಪಡಿಸಿದ ದಿನವೇ ಆಯಿಲ್ ಮತ್ತು ಅದರ ಫಿಲ್ಟರನ್ನೂ ಬದಲಿಸಬೇಕು.